ಮರಳಿ ಬಂದ ಕೈಗಳಿಗೆ ಸರ್ಕಾರದ ನೆರವು
(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾಡಹಬ್ಬದ ಸಭೆಯಲ್ಲಿ ಭವಿಷ್ಯನಿಧಿಯ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಈ ಮುಂಬಯಿಯಲ್ಲಿ ಕನ್ನಡ ಉಳಿದದ್ದು ಸಾಹಿತಿಗಳಿಂದ ಮಾತ್ರವಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗರಿಂದಲೂ ಉಳಿಯಿತು. ಅಂಥವರ ಅನ್ನದ ವಿಚಾರ ಸಂಘಕ್ಕೆ ಹೊರಗಿನದಲ್ಲವೆಂದು ನಾವು ಭಾವಿಸುತ್ತೇವೆ.

2020ರ ಮಾರ್ಚಿ ತಿಂಗಳ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಹೋಟೆಲುಗಳ ಒಲೆಯೂ ಆರಿತು. ಉಡುಪಿ, ಕುಂದಾಪುರದ ಕಡೆಯ ಎಷ್ಟೋ ಮಂದಿ ಊರು ಸೇರಿದರು. ಅದೇ ವರ್ಷ ಕೇಂದ್ರ ಸರ್ಕಾರವು ಆತ್ಮನಿರ್ಭರ ಭಾರತ ರೋಜಗಾರ ಯೋಜನೆಯನ್ನು ತಂದಿತು. ಮಾರ್ಚಿ 1ರಿಂದ ಸೆಪ್ಟೆಂಬರ್ 30ರೊಳಗೆ ಕೆಲಸ ಬಿಟ್ಟವರನ್ನೋ ಹೊಸಬರನ್ನೋ ಸೇರಿಸಿಕೊಂಡರೆ, ಸಾವಿರಕ್ಕೆ ಮೀರದ ನೌಕರರಿರುವ ಸಂಸ್ಥೆಗಳಲ್ಲಿ, ನೌಕರನ ಪಾಲು ಧಣಿಯ ಪಾಲು ಎರಡನ್ನೂ, ಎಂದರೆ ಸಂಬಳದ ಶೇಕಡಾ 24ನ್ನು, ಎರಡು ವರ್ಷ ಸರ್ಕಾರವೇ ಕಟ್ಟುವುದೆಂದಿತು. 12,000 ರೂಪಾಯಿ ಸಂಬಳದವನಿಗೆ ತಿಂಗಳಿಗೆ 2,880 ರೂಪಾಯಿ. ಉದಾರವಾದ ಯೋಜನೆಯೇ ಸರಿ.

ಆದರೆ ಭವಿಷ್ಯನಿಧಿಯ ಕಾನೂನು ಕಡ್ಡಾಯವಾಗುವುದು 20 ಮಂದಿ ದುಡಿಯುವಲ್ಲಿ. ನಮ್ಮ ಸಣ್ಣ ಹೋಟೆಲುಗಳಲ್ಲಿ ಹನ್ನೆರಡೋ ಹದಿನೈದೋ ತಲೆ. ಎಣಿಕೆ ಹತ್ತೊಂಬತ್ತಕ್ಕೇ ನಿಂತುಬಿಡುವ ಕಡೆಗಳೂ ಉಂಟು. ಅದರ ಮರ್ಮವನ್ನು ಇಲ್ಲಿ ಕುಳಿತ ಹಿರಿಯರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಪುಸ್ತಕದಲ್ಲಿ ಹೆಸರಿಲ್ಲದೆ ದೋಸೆ ಕಾವಲಿಯ ಮುಂದೆ ನಿಂತವನಿಗೆ ಅದರಿಂದ ಒಂದು ಕಾಸೂ ದಕ್ಕಲಿಲ್ಲ. 2022ರ ಮಾರ್ಚಿ 31ಕ್ಕೆ ಅದರ ನೋಂದಣಿಯೂ ಮುಗಿಯಿತು.

ಆಮೇಲೆ ಬಂದದ್ದು ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ ಯೋಜನೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗಿನ ನೇಮಕಗಳಿಗೆ ಇದು ಅನ್ವಯ. ನಿಧಿಗೆ ಮೊದಲ ಸಲ ಸೇರುವವನಿಗೆ ಒಂದು ತಿಂಗಳ ಸಂಬಳದಷ್ಟು, ಹೆಚ್ಚೆಂದರೆ 15,000 ರೂಪಾಯಿ, ಎರಡು ಕಂತಿನಲ್ಲಿ. ಧಣಿಗೆ ಹೆಚ್ಚುವರಿ ನೌಕರನೊಬ್ಬನಿಗೆ ತಿಂಗಳಿಗೆ 3,000 ರೂಪಾಯಿವರೆಗೆ, ಎರಡು ವರ್ಷ. ಒಬ್ಬನನ್ನು ಕಳಿಸಿ ಇನ್ನೊಬ್ಬನನ್ನು ಇಟ್ಟುಕೊಂಡರೆ ಲೆಕ್ಕಕ್ಕೆ ಬಾರದು. ಸಂಖ್ಯೆ ನಿಜವಾಗಿ ಏರಬೇಕು, ಆರು ತಿಂಗಳು ನಿಲ್ಲಬೇಕು.

ಇಲ್ಲೊಂದು ತಮಾಷೆಯಿದೆ. ಹದಿನೈದು ವರ್ಷ ಒಲೆಯ ಮುಂದೆ ಬೆಂದವನಾದರೂ, ನಿಧಿಯಲ್ಲಿ ಎಂದೂ ಹೆಸರಿರದಿದ್ದರೆ, ಊರಿನಿಂದ ಬಂದು ಹೊಸ ಕಡೆ ಸೇರುವಾಗ ಆತ ಕಾನೂನಿನ ಕಣ್ಣಿಗೆ ಹೊಚ್ಚಹೊಸಬ! ಅವನ ಅನುಭವಕ್ಕೆ ಇದು ಅವಮಾನವೇ; ಕೈಗೆ ಬರುವ ಹಣವನ್ನು ಮಾತ್ರ ಬಿಡಬಾರದು.

ಇಪ್ಪತ್ತು ಮಂದಿ ಇಲ್ಲದಿದ್ದರೂ ಧಣಿಯೂ ಬಹುಪಾಲು ನೌಕರರೂ ಒಪ್ಪಿದರೆ ನಿಧಿಗೆ ಸೇರಬಹುದು. 1952ರ ಕಾಯಿದೆಯಲ್ಲಿ ಈ ದಾರಿಯಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೆ. ಬಾಡಿಗೆ, ಗ್ಯಾಸು, ತರಕಾರಿಯ ಬೆಲೆಗಳ ನಡುವೆ ಧಣಿಗಳಿಗೆ ಇದೊಂದು ಹೊರೆಯೆಂಬುದು ಸುಳ್ಳಲ್ಲ. ಹುಡುಗರೂ ಸಂಬಳ ಕಡಿತವೆಂದು ಗೊಣಗುತ್ತಾರೆ. ಆದರೂ ಕೇಳಿ ನೋಡಬೇಕು.

ಬ್ಯಾಂಕಿನಲ್ಲಿ ಕೆಲಸ ಮಾಡುವ ನಾವು ಕೆಲವರು ಭಾನುವಾರ ಬೆಳಿಗ್ಗೆ ಸಂಘದ ಕಚೇರಿಯಲ್ಲಿರುತ್ತೇವೆ. ಆಧಾರ್ ಕಾರ್ಡು, ಪಾಸುಪುಸ್ತಕ ಹಿಡಿದು ಬನ್ನಿ. ಎರಡರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ಎಂಬುದನ್ನು ಮೊದಲು ನೋಡೋಣ.