ಹಿಮ್ಮಡಿ ನೋವು



ಬೆಳಿಗ್ಗೆ ಎದ್ದು ಕಾಲು ಊರಿದಿರಿ. ಹಿಮ್ಮಡಿಗೆ ಮುಳ್ಳು ಚುಚ್ಚಿದ ಹಾಗಾಯಿತು. ನಾಲ್ಕು ಹೆಜ್ಜೆ ನಡೆದರೆ ಕಮ್ಮಿ. ಸಂಜೆಗೆ ಮತ್ತೆ ಶುರು. ಹೌದು ತಾನೆ?

2001ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿ ಮುಚ್ಚಿತು. ಆಮೇಲಂತೂ ಈ ಕಡೆಯ ಸಾವಿರಾರು ಜನ ಕೂಲಿಗೆ ದಿನಾ ಬೆಂಗಳೂರು ರೈಲು ಹತ್ತುತ್ತಾರೆ. ಬಂಗಾರಪೇಟೆಯಲ್ಲಿ ಹತ್ತಿದವರಿಗೆ ಸೀಟು ಎಲ್ಲಿ? ರೈಲಿನಲ್ಲೂ ನಿಲ್ಲಬೇಕು, ಕೆಲಸದಲ್ಲೂ ಸಿಮೆಂಟ್ ನೆಲದ ಮೇಲೆ ನಿಲ್ಲಬೇಕು. ಕಾಲು ನೋವು ಅಂತ ಮನೆಯಲ್ಲಿ ಕೂತರೆ ಆ ದಿನದ ಕೂಲಿ ಹೋಯಿತು.

ಅಂಗಾಲಿನಲ್ಲಿ ಹಿಮ್ಮಡಿಯಿಂದ ಬೆರಳಿನ ತನಕ ಒಂದು ಗಟ್ಟಿ ಪಟ್ಟಿ ಇದೆ. ನಿಂತು ನಿಂತು ಅದು ಸವೆಯುತ್ತದೆ. ರಾತ್ರಿ ಬಿಗಿಯುತ್ತದೆ. ಬೆಳಿಗ್ಗೆ ಜಗ್ಗಿದಾಗ ನೋಯುತ್ತದೆ. ಡಾಕ್ಟರು ಹಿಮ್ಮಡಿ ಒತ್ತಿ ನೋಡಿಯೇ ಹೇಳುತ್ತಾರೆ. ಸಾಮಾನ್ಯವಾಗಿ ಎಕ್ಸ್‌ರೇ ಬೇಕಿಲ್ಲ. "ಮೂಳೆ ಬೆಳೆದಿದೆ" ಎಂದರೆ ಹೆದರಬೇಡಿ. ನೋವೇ ಇಲ್ಲದ ಎಷ್ಟೋ ಜನರಿಗೂ ಹಾಗೆ ಬೆಳೆದಿರುತ್ತದೆ.

ಏಳುವ ಮುಂಚೆ ಹಾಸಿಗೆಯಲ್ಲೇ ಕೂತು ಕಾಲ್ಬೆರಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆಯಿರಿ. ಹತ್ತು ಎಣಿಸಿ ಬಿಡಿ. ಹೀಗೆ ಹತ್ತು ಸಲ. ಆಮೇಲೆ ಕಾಲು ಊರಿ. ಸವೆದ ಹವಾಯಿ ಚಪ್ಪಲಿ ಬೇಡ. ಹಿಮ್ಮಡಿ ಮೆತ್ತಗಿರುವುದನ್ನು ಹಾಕಿ, ಮನೆಯೊಳಗೂ ಹಾಕಿ. ಅತ್ತೆ ಬೈಯಬಹುದು! ಒಳಗಿಗೆ ಬೇರೆ ಜೊತೆ ಇಟ್ಟುಕೊಳ್ಳಿ.

ಒಂದೇ ವಾರಕ್ಕೆ ಹೋಗುವ ನೋವಲ್ಲ ಇದು. ತಿಂಗಳುಗಳೇ ಬೇಕು. ಆದರೆ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ. ಮೊದಲೇ ಇಂಜೆಕ್ಷನ್ ಕೇಳಬೇಡಿ.

ಕಾಲು ಊದಿದರೆ, ಜೋಮು ಹಿಡಿದರೆ, ಮಲಗಿದಾಗಲೂ ನೋಯುತ್ತಿದ್ದರೆ ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಬಿಸಿ ಇಟ್ಟಿಗೆ ಶಾಖ ಕೊಡಲೇಬೇಡಿ. ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ.