ಹೊಟ್ಟೆ ತೊಳೆಯುವ ಮುನ್ನ



ಚಿಕ್ಕಂದಿನಲ್ಲಿ ಅಜ್ಜಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿದ್ದು ನಿಮಗೂ ನೆನಪಿರಬಹುದು. ಮಟ್ಟಾಂಚೇರಿಗೆ ಬಂದ ಮೇಲೆ ಕರ್ಕಾಟಕ ಮಾಸದ ಚಿಕಿತ್ಸೆ ಕಂಡೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಇಲ್ಲಿನವರು ವೈದ್ಯರ ಬಳಿ ಹೋಗಿ ದೇಹಶುದ್ಧಿ ಮಾಡಿಸಿಕೊಳ್ಳುತ್ತಾರೆ. ನಾನೋ, ವೈದ್ಯರನ್ನು ಬಿಟ್ಟು ಹರಳೆಣ್ಣೆಯನ್ನಷ್ಟೇ ಹಿಡಿದೆ! ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದದ್ದು ಮರೆತಿದ್ದೆ. ಎಂಟು ಸಲ ಭೇದಿಯಾಗಿ, ತಲೆ ಸುತ್ತಿ ಬಚ್ಚಲಲ್ಲಿ ಬಿದ್ದೆ.

ಆಮೇಲೆ ಡಾಕ್ಟರು ತಿಳಿಸಿ ಹೇಳಿದರು. ನೀರು, ಲವಣ ಹೀರಿಕೊಳ್ಳುವುದು ದೊಡ್ಡ ಕರುಳಿನ ಕೆಲಸ. ಬಲವಂತವಾಗಿ ತೊಳೆದರೆ ಸೋಡಿಯಂ, ಪೊಟ್ಯಾಸಿಯಂ ಏರುಪೇರಾಗಿ ಎದೆಬಡಿತವೂ ತಪ್ಪಬಹುದು. ಆರೋಗ್ಯವಂತ ಕರುಳು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ.

ಗರ್ಭಿಣಿಯರಿಗೆ ಹರಳೆಣ್ಣೆ ಬೇಡ, ನೋವು ಶುರುವಾಗಬಹುದು. ಮೂತ್ರಪಿಂಡ, ಹೃದಯದ ತೊಂದರೆ ಇದ್ದವರಿಗೆ ಎಪ್ಸಮ್ ಉಪ್ಪೂ ಬೇಡ, ಉಪ್ಪುನೀರಿನ ಶಂಖಪ್ರಕ್ಷಾಲನವೂ ಬೇಡ. ವಿಡಿಯೋ ನೋಡಿ ಕಾಫಿ ಎನಿಮಾ ಮಾಡಿಕೊಳ್ಳುವುದಂತೂ ಯಾರಿಗೂ ಬೇಡ, ಕರುಳು ಸುಟ್ಟುಕೊಂಡವರಿದ್ದಾರೆ.

ಭೇದಿ ಹೆಚ್ಚಾದರೆ ಓ.ಆರ್.ಎಸ್. ಕುಡಿಯಿರಿ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಗೋಪುರವಾಗದಿರಲಿ. ತಲೆ ಸುತ್ತಿದರೆ, ಮೂತ್ರ ಕಡಿಮೆಯಾದರೆ ಆಸ್ಪತ್ರೆಗೆ ಹೋಗಿ.

ಮಲಬದ್ಧತೆಗೆ ನೀರು, ಸೊಪ್ಪು, ಬಾಳೆದಿಂಡಿನ ಪಲ್ಯ, ಒಂದಿಷ್ಟು ನಡಿಗೆ ಸಾಕು. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲದ ಅಭ್ಯಾಸ ಬದಲಾಗಿ ವಾರಗಟ್ಟಲೆ ಹಾಗೇ ಉಳಿದರೆ ತೊಳೆಯುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ. ಈ ವಿಷಯ ಹೇಳಿಕೊಳ್ಳಲು ನಮಗೆ ನಾಚಿಕೆ. ಬಚ್ಚಲಲ್ಲಿ ಬಿದ್ದ ದಿನವೇ ನನ್ನ ನಾಚಿಕೆ ಹೋಯಿತು. ನೀವು ಬೀಳುವ ಮುಂಚೆಯೇ ಬಿಡಿ.