ಉಬ್ಬಸದವರ ಶುಶ್ರೂಷೆ: ಮನೆಯಲ್ಲಿ, ಶಾಲೆಯಲ್ಲಿ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಮಾವೇಶದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯಳಲ್ಲ, ದಾದಿಯೂ ಅಲ್ಲ. ಕನ್ನಡ ಸಾಹಿತ್ಯವನ್ನು ಓದಿ ಮಕ್ಕಳಿಗೆ ಪಾಠ ಹೇಳುತ್ತ ಬಂದವಳು. ಉಬ್ಬಸದ ಬಗೆಗೆ ಮಾತನಾಡಲು ನನಗಿರುವ ಅರ್ಹತೆ ಎರಡೇ: ದಮ್ಮಿನ ರೋಗವಿದ್ದ ನನ್ನ ತಾಯಿಯವರನ್ನು ಒಂಬತ್ತು ವರ್ಷ ನೋಡಿಕೊಂಡದ್ದು ಒಂದು, ನಮ್ಮ ತರಗತಿಗಳಲ್ಲಿ ಗೂರಲಿನಿಂದ ನರಳುವ ಮಕ್ಕಳನ್ನು ಪ್ರತಿವರ್ಷವೂ ಕಾಣುತ್ತಿರುವುದು ಇನ್ನೊಂದು.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ವೈದ್ಯರು ತಾಯಿಯವರಿಗೆ ದಿನಕ್ಕೆ ಎರಡು ಸಲ ಸೇದಲು ಇನ್ಹೇಲರ್ ಬರೆದುಕೊಟ್ಟಿದ್ದರು. ಎಂಟು ತಿಂಗಳಾದರೂ ಗುಣ ಕಾಣಲಿಲ್ಲ. ‘ಇದು ಅಭ್ಯಾಸವಾದರೆ ಬಿಡಿಸುವುದು ಕಷ್ಟ, ನಿಲ್ಲಿಸಿಬಿಡಿ ಅಮ್ಮಾ’ ಎಂದವಳು ನಾನೇ. ಮುಂದಿನ ತಪಾಸಣೆಯಲ್ಲಿ ಅಲ್ಲಿದ್ದ ದಾದಿಯೊಬ್ಬರು, ‘ಹೇಗೆ ತಗೊಳ್ತೀರಿ, ನನ್ನ ಮುಂದೆ ಒಂದು ಸಲ ಮಾಡಿ ತೋರಿಸಿ ಅಜ್ಜಿ’ ಎಂದರು. ತಾಯಿಯವರು ಬಾಯಿಗೆ ಒತ್ತಿಕೊಂಡು, ತುಟಿ ಮುಚ್ಚಿ, ಮೂಗಿನಿಂದ ಉಸಿರೆಳೆದರು. ಎಂಟು ತಿಂಗಳ ಔಷಧವೆಲ್ಲ ನಾಲಗೆಯ ಮೇಲೆಯೇ ಉಳಿದಿತ್ತು. ಮನೆಯಲ್ಲಿ ದಿನವೂ ಎದುರಿಗೇ ಇದ್ದ ನಾನು ಒಂದು ದಿನವೂ ಅದನ್ನು ಗಮನಿಸಿ ನೋಡಿರಲಿಲ್ಲ. ಇನ್ಹೇಲರಿಗೆ ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿ, ವಿಧಾನವನ್ನು ಮತ್ತೆ ಕಲಿಸಿದ ಮೇಲೆ ಅವರು ಅಂಗಳದವರೆಗೆ ನಿಲ್ಲದೆ ನಡೆಯುವಂತಾದರು. ರೋಗ ಹೋಗಲಿಲ್ಲ, ಅದು ಹೋಗುವ ರೋಗವಲ್ಲ. ಆದರೆ ಹಗಲುಗಳು ಹಗುರವಾದವು.

ಉಬ್ಬಸ, ಗೂರಲು, ದಮ್ಮು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ರೋಗಗಳು ಅಡಗಿವೆ. ಅಸ್ತಮಾದಲ್ಲಿ ಶ್ವಾಸನಾಳಗಳು ಊದಿಕೊಂಡು ಬಿಗಿಯುತ್ತವೆ, ಔಷಧದಿಂದ ಸಡಿಲಗೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಸಿಓಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ರೋಗದಲ್ಲಿ ನಾಳಗಳಿಗೂ ಗಾಳಿಗೂಡುಗಳಿಗೂ ಆದ ಹಾನಿ ಹಿಂತಿರುಗುವುದಿಲ್ಲ. ಅದು ನಡುವಯಸ್ಸು ದಾಟಿದವರ ರೋಗ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸಾವುಗಳ ಕಾರಣಗಳಲ್ಲಿ ಇದು ಮೂರನೆಯದಾಗಿತ್ತು.

‘ನಮ್ಮ ಮನೆಯಲ್ಲಿ ಬೀಡಿ ಸೇದುವವರೇ ಇಲ್ಲವಲ್ಲ, ಇದೆಲ್ಲಿಂದ ಬಂತು?’ ಎಂದು ಅನೇಕ ತಾಯಂದಿರು ಕೇಳುತ್ತಾರೆ. ಮೊರಪ್ಪೂರು ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ರೈಲು. 1906ರಲ್ಲಿ ಇಲ್ಲಿಂದ ಧರ್ಮಪುರಿಗೆ ಹೊರಟ ಸಣ್ಣ ಹಳಿಯ ಉಗಿಬಂಡಿ 1913ರಲ್ಲಿ ಹೊಸೂರನ್ನು ಮುಟ್ಟಿ, 1941ರಲ್ಲಿ ಯುದ್ಧದ ಕಾಲಕ್ಕೆ ನಿಂತುಹೋಯಿತು. ಹೊಗೆಯೆಂದರೆ ಅವರಿಗೆ ಆ ಬಂಡಿಯ ಹೊಗೆ. ಅದಕ್ಕಿಂತ ದಟ್ಟವಾದ ಹೊಗೆ ಅವರವರ ಅಡುಗೆಮನೆಯಲ್ಲೇ ಇತ್ತು. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಆ ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕುಳಿತಿರೋ ಅದನ್ನು ಅಷ್ಟು ವರ್ಷಗಳಿಂದ ಗುಣಿಸಬೇಕು. ಆ ಗುಣಲಬ್ಧ 60 ಮುಟ್ಟಿದವರಲ್ಲಿ ದೀರ್ಘಕಾಲದ ಕಫ-ಕೆಮ್ಮಿನ ರೋಗ ಸ್ಪಷ್ಟವಾಗಿ ಹೆಚ್ಚು ಎಂದು ಅವರು ಕಂಡರು. ದಿನಕ್ಕೆ ಮೂರು ಗಂಟೆಯಾದರೆ ಇಪ್ಪತ್ತೇ ವರ್ಷ ಸಾಕು. ನನ್ನ ತಾಯಿಯವರು ದಿನಕ್ಕೆ ನಾಲ್ಕು ಗಂಟೆಯಂತೆ ಮೂವತ್ತೈದು ವರ್ಷ ಊದುಗೊಳವೆ ಹಿಡಿದವರು. 140. ಈ ಲೆಕ್ಕವನ್ನು ನಾನು ಏಳನೆಯ ತರಗತಿಯವರಿಗೆ ಕೊಟ್ಟೆ. ಅಜ್ಜಿಯರನ್ನು ಕೇಳಿ ಬರೆದುತಂದ ಸಂಖ್ಯೆಗಳನ್ನು ಓದಿ ನಾನೇ ಸುಮ್ಮನಾದೆ.

ಇನ್ನು ನಮ್ಮ ಸೀಮೆಯ ಕಸುಬುಗಳು. ಕಲ್ಲುಗಣಿಯ ಧೂಳು ಗೊತ್ತಿರುವುದೇ. ರೇಷ್ಮೆಗೂಡು ಬಿಚ್ಚುವ ಫಿಲೇಚರಿನ ಕೆಲಸಗಾರರಿಗೆ ಅಸ್ತಮಾ ಬರುವುದನ್ನು ಕರ್ನಾಟಕದ ಸಂಶೋಧಕರು 1980ರ ದಶಕದಲ್ಲೇ ಗುರುತಿಸಿದ್ದಾರೆ.

ಈಗ ಶುಶ್ರೂಷೆಯ ಮಾತು. ರೋಗಿಯ ಕೋಣೆಗೆ ಮೊದಲು ಬೇಕಾದುದು ಗಾಳಿ. ಸೌದೆ ಒಲೆ, ಸೊಳ್ಳೆಬತ್ತಿ, ಊದುಬತ್ತಿ, ತಲೆಸ್ನಾನದ ನಂತರದ ಸಾಂಬ್ರಾಣಿ, ಭೋಗಿಯ ಬೆಳಗ್ಗೆ ಬೀದಿಯಲ್ಲಿ ಸುಡುವ ಟೈರು, ಇವೆಲ್ಲವೂ ಆ ಎದೆಗೆ ಒಂದೇ. ದೇವರಿಗೆ ಹೂವು ಸಾಲದೆ? ಹೀಗೆಂದದ್ದಕ್ಕೆ ನಮ್ಮ ಅತ್ತೆಯವರು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು, ಅದು ಬೇರೆ ವಿಷಯ.

ಇನ್ಹೇಲರ್ ಎರಡು ಬಗೆ. ಉಸಿರುಕಟ್ಟಿದಾಗ ನಾಳವನ್ನು ಸಡಿಲಿಸುವುದು ಒಂದು. ಚೆನ್ನಾಗಿರುವ ದಿನವೂ ತಪ್ಪದೆ ಸೇದಿ ಊತವನ್ನು ತಡೆಯಬೇಕಾದುದು ಇನ್ನೊಂದು. ಮನೆಗಳಲ್ಲಿ ನಿಂತುಹೋಗುವುದು ಎರಡನೆಯದೇ, ಏಕೆಂದರೆ ಅದು ಆ ಕ್ಷಣಕ್ಕೆ ಏನನ್ನೂ ಮಾಡಿದಂತೆ ತೋರುವುದಿಲ್ಲ. ಮುಚ್ಚಳ ತೆಗೆದು, ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳಿಂದ ಬಿಗಿಹಿಡಿದು, ಒತ್ತಿದೊಡನೆ ಬಾಯಿಂದ ನಿಧಾನವಾಗಿ ಒಳಗೆಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ತಡೆಯುವ ಔಷಧವಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಇಲ್ಲವಾದರೆ ನಾಲಗೆಯ ಮೇಲೆ ಬಿಳಿಯ ಹುಣ್ಣಾಗುತ್ತದೆ. ‘ತಗೊಂಡ್ರಾ?’ ಎಂದು ಕೇಳಬೇಡಿ. ಎದುರಿಗೆ ನಿಂತು ನೋಡಿ.

ದಮ್ಮು ಏರಿದಾಗ ಮಲಗಿಸಬೇಡಿ. ಕೂರಿಸಿ, ಮಡಿಲಿನಲ್ಲಿ ದಿಂಬಿಟ್ಟು ಮುಂದಕ್ಕೆ ಒರಗಿಸಿ. ಸುತ್ತ ನೆರೆದವರನ್ನು ಕಳುಹಿಸಿ. ಮೂಗಿನಿಂದ ಎಳೆದು, ಸೀಟಿ ಹಾಕುವಂತೆ ತುಟಿ ಕೂಡಿಸಿ, ದೀಪದ ಕುಡಿ ಅಲುಗಬೇಕು, ಆರಬಾರದು, ಅಷ್ಟು ಮೆಲ್ಲನೆ ಬಿಡಲು ಹೇಳಿ. ನೀವೂ ಜೊತೆಗೆ ಮಾಡಿ. ಅಸ್ತಮಾ ಇರುವ ಮಗುವಿಗೆ ಸಡಿಲಿಸುವ ಔಷಧವನ್ನು ಸ್ಪೇಸರಿನಿಂದ ಒಂದು ಸಲ ಒತ್ತಿ ನಾಲ್ಕು ಉಸಿರು, ಹೀಗೆ ನಾಲ್ಕು ಸಲ. ನಾಲ್ಕು ನಿಮಿಷ ನೋಡಿ, ಇಳಿಯದಿದ್ದರೆ ಮತ್ತೆ ನಾಲ್ಕು, ಜೊತೆಗೇ 108ಕ್ಕೆ ಕರೆ. ಒಂದು ವಾಕ್ಯವನ್ನು ಪೂರ್ತಿ ಹೇಳಲಾರದಿದ್ದರೆ, ತುಟಿ ನೀಲಿಯಾದರೆ, ಮಂಕು ಕವಿದರೆ, ಕಾಯುವುದೇ ಬೇಡ. ಸಿಳ್ಳೆಯ ಸದ್ದು ನಿಂತು ಎದೆ ಮೌನವಾದರೆ ಗುಣವಾಯಿತೆಂದು ತಿಳಿಯಬೇಡಿ. ಗಾಳಿ ಓಡಾಡುವುದೇ ನಿಲ್ಲುತ್ತಿದೆ ಎಂದು ಅರ್ಥ.

ಸಿಓಪಿಡಿ ಇರುವ ಹಿರಿಯರ ಆರೈಕೆ ಹೆಚ್ಚು ತಾಳ್ಮೆಯದು. ಹೊಟ್ಟೆ ತುಂಬಿದರೆ ವಪೆ ಮೇಲೆದ್ದು ಉಸಿರು ಕುಗ್ಗುತ್ತದೆ. ಆದುದರಿಂದ ಸ್ವಲ್ಪ ಸ್ವಲ್ಪವಾಗಿ ಐದಾರು ಬಾರಿ ಬಡಿಸಿ. ಸ್ನಾನಕ್ಕೆ ಕುಳಿತುಕೊಳ್ಳಲು ಸ್ಟೂಲು ಇಡಿ. ನಡೆಯಬೇಡಿ ಎನ್ನಬೇಡಿ, ದಿನವೂ ಒಂದಿಷ್ಟು ನಡೆಸಿ. ಕಫದ ಬಣ್ಣ ಹಳದಿ-ಹಸಿರಾದರೆ, ಪ್ರಮಾಣ ಹೆಚ್ಚಿದರೆ, ಅದೇ ದಿನ ವೈದ್ಯರಿಗೆ ತಿಳಿಸಿ. ಫ್ಲೂ ಲಸಿಕೆಯನ್ನು ಕೇಳಿ ಹಾಕಿಸಿ. ಮನೆಯಲ್ಲಿ ಆಮ್ಲಜನಕ ಕೊಡುತ್ತಿದ್ದರೆ ಬೆರಳಿನ ಯಂತ್ರದಲ್ಲಿ 88ರಿಂದ 92 ಬಂದರೆ ಸಾಮಾನ್ಯವಾಗಿ ಈ ರೋಗಿಗಳಿಗೆ ಸಾಕು. 98 ಆಗಲೆಂದು ಪ್ರೀತಿಯಿಂದ ತಿರುಪು ತಿರುಗಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರಬಹುದು. ಆ ಕೋಣೆಯಲ್ಲಿ ದೀಪ ಬೇಡ, ಕಡ್ಡಿ ಗೀರಬೇಡಿ.

ಬೆಳಗಿನ ಜಾವ ಮೂರು ಗಂಟೆಗೆ ತಾಯಿಯವರು ಮಂಚದ ಅಂಚಿನಲ್ಲಿ ಕುಳಿತಿರುತ್ತಿದ್ದರು. ಕರೆಯಲು ಉಸಿರಿರದು, ಎಬ್ಬಿಸಲು ಸಂಕೋಚ. ಕೊನೆಗೆ ಪಕ್ಕದಲ್ಲಿ ಒಂದು ಹಿತ್ತಾಳೆಯ ಗಂಟೆ ಇಟ್ಟೆ. ಆ ಗಂಟೆಯ ಸದ್ದಿಗಿಂತ ಅದು ಬಾರಿಸದ ರಾತ್ರಿಗಳಲ್ಲಿ ನನಗೆ ಹೆಚ್ಚು ಎಚ್ಚರ. ರೋಗಿಯನ್ನು ನೋಡಿಕೊಳ್ಳುವ ಸೊಸೆ, ಮಗಳಿಗೂ ವಾರಕ್ಕೆ ಒಂದೆರಡು ರಾತ್ರಿ ನಿದ್ದೆ ಬೇಕು. ಗಂಡಸರು ಈ ಮಾತನ್ನು ದಯವಿಟ್ಟು ಕೇಳಿಸಿಕೊಳ್ಳಬೇಕು.

ಶಾಲೆಯ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇಕಡ 9 ಇದ್ದುದು 1999ರಲ್ಲಿ 29.5ಕ್ಕೆ ಏರಿದುದನ್ನು ದಾಖಲಿಸಿದ್ದಾರೆ. ಅದು ಮಹಾನಗರದ ಆಸ್ಪತ್ರೆಯ ಲೆಕ್ಕ, ನಮ್ಮೂರಿನದಲ್ಲ. ಆದರೂ ನಮ್ಮಲ್ಲಿ ಮಕ್ಕಳಿದ್ದಾರೆ, ಮತ್ತು ನೀವು ಹೇಳುವುದಿಲ್ಲ. ಹೆಣ್ಣುಮಕ್ಕಳದ್ದಂತೂ ಹೇಳುವುದೇ ಇಲ್ಲ. ನಾಳೆ ಸಂಬಂಧ ಕೂಡದೆಂಬ ಭಯ. ಪಾವಡೆಯ ಮಡಿಕೆಯಲ್ಲಿ ಇನ್ಹೇಲರ್ ಬಚ್ಚಿಟ್ಟುಕೊಂಡು, ಶೌಚಾಲಯಕ್ಕೆ ಹೋಗಿ ಸೇದಿ ಬರುತ್ತಿದ್ದ ಹುಡುಗಿಯೊಬ್ಬಳನ್ನು ನಾನು ಕಂಡಿದ್ದೇನೆ. ಅವಳು ಅಲ್ಲಿ ಕುಸಿದಿದ್ದರೆ ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಈ ವರ್ಷದಿಂದ ನನ್ನ ಕೋಣೆಯಲ್ಲಿ ಬೀಗವಿಲ್ಲದ ಒಂದು ಪೆಟ್ಟಿಗೆ ಇದೆ. ವೈದ್ಯರ ಚೀಟಿಯೊಡನೆ, ಮಗುವಿನ ಹೆಸರು ಬರೆದು, ಒಂದು ಇನ್ಹೇಲರ್ ಮತ್ತು ಸ್ಪೇಸರನ್ನು ಕೊಡಿ. ಆಟದಿಂದ ಮಗುವನ್ನು ಹೊರಗಿಡುವುದಿಲ್ಲ.

ಮೀನಿನ ಔಷಧಕ್ಕೆ ಮೃಗಶಿರಾ ಕಾರ್ತೆಯಲ್ಲಿ ಹೈದರಾಬಾದಿಗೆ ಹೋಗಿಬರುವವರಿದ್ದೀರಿ. ನಂಬಿಕೆಯನ್ನು ನಾನು ಕೆಣಕುವುದಿಲ್ಲ. ರೈಲಿನಲ್ಲಿ ಇನ್ಹೇಲರ್ ಜೊತೆಯಲ್ಲಿರಲಿ, ಹಿಂದಿರುಗಿದ ಮೇಲೂ ಇರಲಿ.

ಕೊನೆಯದಾಗಿ ನಮ್ಮದೇ ಆದ ಒಂದು ತೊಡಕು. ವೈದ್ಯರು ತಮಿಳಿನಲ್ಲಿ ಹೇಳುತ್ತಾರೆ, ಔಷಧದ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಇರುತ್ತದೆ, ಮನೆಯ ಅಜ್ಜಿಗೆ ಬರುವುದು ಕನ್ನಡ. ನಡುವೆ ಇರುವವರು ನಮ್ಮ ಮಕ್ಕಳು. 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಕಾರ್ಯಕರ್ತೆಯರು ಈಗ ಮನೆಬಾಗಿಲಿಗೇ ಬರುತ್ತಾರೆ. ಅವರ ಮಾತನ್ನು ಅಜ್ಜಿಗೆ ದಾಟಿಸುವವರೂ ಇವರೇ. ಹಾಗಾಗಿ ಎಂಟನೆಯ ತರಗತಿಯವರು ಇನ್ಹೇಲರ್ ಸೇದುವ ಕ್ರಮವನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು, ಚಿತ್ರ ಹಾಕಿ, ಕಾರ್ಡುಗಳನ್ನು ಸಿದ್ಧಪಡಿಸಿದ್ದಾರೆ. ಸರಕಾರಿ ಆರೋಗ್ಯ ಕೇಂದ್ರದ ದಾದಿಯವರು ಅವನ್ನು ನೋಡಿ ಎರಡು ತಪ್ಪು ತಿದ್ದಿಕೊಟ್ಟರು; ಕಾಗುಣಿತದ ತಪ್ಪುಗಳನ್ನು ನಾನು ತಿದ್ದಿದೆ.

ಆ ದಾದಿಯವರು ಈಗ ಏಳನೆಯ ತರಗತಿಯ ಕೊಠಡಿಯಲ್ಲಿ ಕುಳಿತಿದ್ದಾರೆ. ಇನ್ಹೇಲರ್ ತಂದಿರುವವರು ಊಟಕ್ಕೆ ಮೊದಲು ಅಲ್ಲಿಗೆ ಹೋಗಿ ಅವರೆದುರು ಒಮ್ಮೆ ಸೇದಿ ತೋರಿಸಿ. ಕಾರ್ಡುಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಮನೆಗೊಂದು ತೆಗೆದುಕೊಳ್ಳಿ.